ಸ್ಟ್ರೆಪ್ಟೊಮೈಸಿಸ್: ಮಣ್ಣಿನಿಂದ ಪ್ಲೇಟಿಗೆ ತರುವ ಬಗೆ, ಕೈಕೊಡುವ ಕಡೆಗಳು

ಹಲವು ಆಂಟಿಬಯಾಟಿಕ್‌ಗಳ ಮೂಲವಾದ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾವನ್ನು ಮಣ್ಣಿನಿಂದ ಬೇರ್ಪಡಿಸುವ ಪ್ರಯೋಗ ಕೈಕೊಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಅವಸರ. ಎರಡನೇ ದಿನ ಪ್ಲೇಟ್ ತೆಗೆದರೆ ಲೋಳೆಲೋಳೆಯಾಗಿ ಹರಡಿದ, ಬೇಗ ಬೆಳೆಯುವ ಬ್ಯಾಸಿಲಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಬಿಟ್ಟು ಬೇರೇನೂ ಕಾಣುವುದಿಲ್ಲ. ಮೂರನೇ ದಿನ 'ಬರಲಿಲ್ಲ' ಎಂದು ಬರೆದುಕೊಂಡು ಪ್ಲೇಟನ್ನು ಆಟೋಕ್ಲೇವ್‌ಗೆ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪಾತ್ರೆ) ಹಾಕಿಬಿಡುತ್ತಾರೆ. ಅದನ್ನೇ ಇನ್ನು ನಾಲ್ಕು ದಿನ ಬಿಟ್ಟಿದ್ದರೆ ಸಾಸಿವೆ ಕಾಳಿಗಿಂತ ಚಿಕ್ಕ, ಪುಡಿ ಹಚ್ಚಿದಂಥ ಬೂದು, ಬಿಳಿ, ನಸುಗೆಂಪು ಚುಕ್ಕೆಗಳು ಏಳುತ್ತಿದ್ದವು. ಈ ಜೀವಿ ನಿಧಾನವಾಗಿ ಬೆಳೆಯುತ್ತದೆ, ಇದ್ದಲ್ಲೇ ಇರುತ್ತದೆ, ಊಟ ಮುಗಿದ ಮೇಲೆ ಬೀಜಕ (ಸ್ಪೋರ್) ಕಟ್ಟುತ್ತದೆ. ಇಷ್ಟನ್ನು ಸರಿಯಾಗಿ ಅರ್ಥಮಾಡಿಕೊಂಡರೆ ಪ್ರಯೋಗಾಲಯದ ಪ್ರತಿ ಹೆಜ್ಜೆಯೂ ಯಾಕೆ ಹಾಗಿದೆ ಎಂಬುದು ತಾನಾಗಿ ತಿಳಿಯುತ್ತದೆ. ಬಾಯಿಪಾಠ ಮಾಡಬೇಕಾದದ್ದು ಬಹಳ ಕಡಿಮೆ.

ಬೂಷ್ಟಿನಂತೆ ಕಂಡರೂ ಬ್ಯಾಕ್ಟೀರಿಯಾ

ಇದು ಶಿಲೀಂಧ್ರವಲ್ಲ. ಕೋಶಕೇಂದ್ರ ಇಲ್ಲ, ಕೋಶಭಿತ್ತಿ ಪೆಪ್ಟಿಡೊಗ್ಲೈಕನ್‌ನದು, ಬ್ಯಾಕ್ಟೀರಿಯಾಗಳನ್ನು ಎರಡು ಗುಂಪಾಗಿ ವಿಂಗಡಿಸುವ ಗ್ರಾಂ ಬಣ್ಣದ ಪರೀಕ್ಷೆಯಲ್ಲಿ ಪಾಸಿಟಿವ್. ಶಿಲೀಂಧ್ರದ ಎಳೆ ಸಾಮಾನ್ಯವಾಗಿ 2ರಿಂದ 10 ಮೈಕ್ರೋಮೀಟರ್ ದಪ್ಪ ಇದ್ದರೆ ಇದರದ್ದು ಹೆಚ್ಚುಕಡಿಮೆ 1 ಮೈಕ್ರೋಮೀಟರ್. ಸೂಕ್ಷ್ಮದರ್ಶಕದಲ್ಲಿ ಎರಡನ್ನೂ ಒಮ್ಮೆ ಅಕ್ಕಪಕ್ಕ ನೋಡಿದವರಿಗೆ ಮತ್ತೆ ಗೊಂದಲವಾಗುವುದಿಲ್ಲ. ಇದನ್ನು ಪ್ರತ್ಯೇಕ ಕುಲವೆಂದು ಗುರುತಿಸಿ 1943ರಲ್ಲಿ ಹೆಸರಿಟ್ಟವರು ವಾಕ್ಸ್‌ಮನ್ ಮತ್ತು ಹೆನ್ರಿಸಿ.

ಇ. ಕೋಲಿಯಂಥ ಬ್ಯಾಕ್ಟೀರಿಯಾ ನಡುವೆ ಸೀಳಿ ಒಂದು ಎರಡಾಗುತ್ತದೆ. ಸ್ಟ್ರೆಪ್ಟೊಮೈಸಿಸ್ ಬೆಳೆಯುವ ಹೊತ್ತಿನಲ್ಲಿ ಸೀಳುವುದೇ ಇಲ್ಲ. ಬೀಜಕದಿಂದ ಹೊರಟ ಎಳೆಯ ತುದಿಯಲ್ಲಿ ಡಿವ್-ಐವಿಎ ಎಂಬ ಪ್ರೋಟೀನು ಗುಂಪುಗೂಡುತ್ತದೆ, ಹೊಸ ಭಿತ್ತಿ ಅಲ್ಲೇ ಕಟ್ಟಲ್ಪಡುತ್ತದೆ. ಎಳೆಯ ಬದಿಯಲ್ಲಿ ಅದೇ ಪ್ರೋಟೀನು ಸೇರಿಕೊಂಡರೆ ಅಲ್ಲೊಂದು ಕವಲು ಹುಟ್ಟುತ್ತದೆ. ಅಡ್ಡಗೋಡೆಗಳು ಅಲ್ಲೊಂದು ಇಲ್ಲೊಂದು ಮಾತ್ರ. ಎರಡು ಗೋಡೆಗಳ ನಡುವೆ ಜೀನೋಮಿನ ಹಲವು ಪ್ರತಿಗಳಿರುತ್ತವೆ. ಬೇರೆ ಬ್ಯಾಕ್ಟೀರಿಯಾಗಳು ಬದುಕಲು ಬೇಕೇಬೇಕಾದ ಎಫ್‌ಟಿಎಸ್-ಜೆಡ್ ಎಂಬ ವಿಭಜನೆಯ ಜೀನನ್ನು ಕಿತ್ತು ಹಾಕಿದರೂ ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಬದುಕಿ ಬೆಳೆಯುತ್ತದೆ, ಬೀಜಕ ಮಾತ್ರ ಕಟ್ಟಲಾರದು.

ಹೀಗೆ ಕವಲೊಡೆಯುತ್ತ ಎಳೆಗಳು ಪ್ಲೇಟಿನ ಜೆಲ್ಲಿಯಂಥ ಅಗರ್‌ನೊಳಗೆ, ಮಣ್ಣಿನಲ್ಲಾದರೆ ಕೊಳೆತ ಎಲೆ-ಕಡ್ಡಿಯೊಳಗೆ ಇಳಿಯುತ್ತವೆ. ಪಿಷ್ಟ, ಸೆಲ್ಯುಲೋಸ್, ಕೈಟಿನ್‌ನಂಥ, ಇತರರು ಬೇಗ ಮುಟ್ಟದ ಗಟ್ಟಿ ಪದಾರ್ಥಗಳನ್ನು ಕಿಣ್ವ ಸುರಿದು ಹೊರಗೇ ಕರಗಿಸಿ ಹೀರಿಕೊಳ್ಳುತ್ತವೆ. ಆಹಾರ ತೀರುತ್ತ ಬಂದಾಗ ನಡೆಯುವುದೇ ಬೇರೆ. ಎಳೆಗಳು ಮೇಲಕ್ಕೆ, ಗಾಳಿಗೆ ಏಳಬೇಕು. ನೀರಿನ ಮೇಲ್ಮೈ ಸೆಳೆತವನ್ನು ಭೇದಿಸಲು ಸ್ಯಾಪ್-ಬಿ ಎಂಬ ಪೆಪ್ಟೈಡ್ ಬೇಕು, ನೀರೊಲ್ಲದ ಹೊದಿಕೆಗೆ ಚಾಪ್ಲಿನ್ ಎಂಬ ಪ್ರೋಟೀನುಗಳು ಬೇಕು. ಇದಕ್ಕೆಲ್ಲ ಸಾಮಗ್ರಿ ಎಲ್ಲಿಂದ? ಕೆಳಗಿನ ಎಳೆಗಳ ಒಂದು ಪಾಲು ತನ್ನನ್ನೇ ಕರಗಿಸಿಕೊಂಡು ಮೇಲಿನದಕ್ಕೆ ಉಣಿಸುತ್ತದೆ. ಹಾಗೆ ಸೋರಿದ ಸಾರಕ್ಕೆ ಸುತ್ತಲಿನ ಬ್ಯಾಕ್ಟೀರಿಯಾಗಳು ಮುತ್ತಿಕೊಳ್ಳುವ ಹೊತ್ತೂ ಅದೇ. ಓಡಿಹೋಗಲು ಇದಕ್ಕೆ ಚಲನೆಯಿಲ್ಲ. ಆಂಟಿಬಯಾಟಿಕ್ ಉತ್ಪಾದನೆ ಶುರುವಾಗುವುದು ಹೆಚ್ಚಾಗಿ ಈ ಘಟ್ಟದಲ್ಲೇ. ಸೋರಿದ ಊಟ ಕಾಯುವುದಕ್ಕೆ ಎಂಬುದು ಬಹುಮಂದಿ ಒಪ್ಪುವ ವಿವರಣೆ. ಸ್ಟ್ರೆಪ್ಟೊಮೈಸಿಸ್ ಗ್ರೈಸಿಯಸ್‌ನಲ್ಲಿ ಇದು ಇನ್ನೂ ಸ್ಪಷ್ಟ: ಎ-ಫ್ಯಾಕ್ಟರ್ ಎಂಬ ಸಣ್ಣ ಅಣು ಸುಮಾರು 1 ನ್ಯಾನೋಮೋಲಾರ್ ಪ್ರಮಾಣಕ್ಕೆ ಬಂದರೆ ಸಾಕು, ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯಾಟಿಕ್‌ನ ತಯಾರಿಯೂ ಬೀಜಕ ಕಟ್ಟುವುದೂ ಒಟ್ಟಿಗೆ ಚಾಲೂ ಆಗುತ್ತವೆ.

ಆಮೇಲೆ ಮೇಲೆದ್ದ ಎಳೆಯಲ್ಲಿ ಹತ್ತಾರು ಅಡ್ಡಗೋಡೆಗಳು ಒಂದೇ ಸಲ ಏಳುತ್ತವೆ. ಒಂದೊಂದು ಕೋಣೆಗೆ ಒಂದೊಂದು ಜೀನೋಮ್, ದಪ್ಪ ಗೋಡೆ, ಬಣ್ಣ. ಅದೇ ಬೀಜಕಗಳ ಸರ. ಒಣ ಮಣ್ಣಿನಲ್ಲಿ ವರ್ಷಗಟ್ಟಲೆ ಇರಬಲ್ಲದು. ಆದರೆ ಬ್ಯಾಸಿಲಸ್ ಕೋಶದೊಳಗೆ ಕಟ್ಟುವ ಎಂಡೋಸ್ಪೋರ್ ಎಂಬ ಬೀಜಕದಷ್ಟು ಗಟ್ಟಿಯಲ್ಲ, ಕುದಿಸಿದರೆ ಉಳಿಯುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಣ್ಣಿನ ವಾಸನೆಯೂ ಈ ಘಟ್ಟದ್ದೇ. ಜಿಯೋಸ್ಮಿನ್ ಎಂಬ ಅಣುವನ್ನು 1965ರಲ್ಲಿ ಗರ್ಬರ್ ಮತ್ತು ಲೆಶವಲಿಯರ್ ಬೇರ್ಪಡಿಸಿದರು. ಲೀಟರ್ ನೀರಿನಲ್ಲಿ ಕೆಲವೇ ನ್ಯಾನೋಗ್ರಾಂ ಇದ್ದರೂ ನಮ್ಮ ಮೂಗಿಗೆ ತಿಳಿಯುತ್ತದೆ. ಇದನ್ನು ತಯಾರಿಸುವ ಜೀನು ಬೀಜಕ ಕಟ್ಟುವ ನಿಯಂತ್ರಕಗಳ ಕೈಯಲ್ಲಿದೆ. 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಮಣ್ಣಿನ ಜೀವಿಗಳು ಈ ವಾಸನೆಗೆ ಬಂದು ಕಾಲೊನಿಯನ್ನು ಮೇಯುತ್ತವೆ, ಮೈಗಂಟಿದ ಮತ್ತು ಹೊಟ್ಟೆಗಿಳಿದ ಬೀಜಕಗಳನ್ನು ಬೇರೆಡೆಗೆ ಹೊತ್ತೊಯ್ಯುತ್ತವೆ. ಪ್ರಯೋಗಾಲಯದಲ್ಲಿ ಇನ್‌ಕ್ಯುಬೇಟರ್ ಬಾಗಿಲು ತೆರೆದಾಗ ಹಸಿ ಮಣ್ಣಿನ ವಾಸನೆ ಬಂದರೆ ಕಾಲೊನಿ ಬೀಜಕಕ್ಕೆ ಬಂದಿದೆ ಎಂದೇ ಲೆಕ್ಕ. ಮುಚ್ಚಳ ತೆಗೆದು ಮೂಗಿಗೆ ಹಿಡಿಯುವ ಚಾಳಿ ಮಾತ್ರ ಬೇಡ. ಆ ಪ್ಲೇಟಿನಲ್ಲಿ ಇನ್ನೇನೇನು ಬೆಳೆದಿದೆಯೋ.

ಯಾವ ಮಣ್ಣು, ಎಷ್ಟು ಶಾಖ

ಪಿಎಚ್ 6.5ರಿಂದ 8ರವರೆಗಿನ, ಸಾವಯವ ಅಂಶ ಇರುವ, ಗಾಳಿಯಾಡುವ ಮಣ್ಣು ಒಳ್ಳೆಯದು. ಉತ್ತರ ಕರ್ನಾಟಕದ ಎರೆಭೂಮಿಯ ಪಿಎಚ್ ಇದಕ್ಕೆ ಹೊಂದುತ್ತದೆ. ಮಲೆನಾಡಿನ ಹುಳಿಮಣ್ಣಿನಲ್ಲೂ ಸಿಗುತ್ತದೆ, ಆದರೆ ಅಲ್ಲಿ ಆಮ್ಲಪ್ರಿಯ ಜಾತಿಗಳೂ ಇರುವುದರಿಂದ ತಟಸ್ಥ ಮಾಧ್ಯಮದ ಜೊತೆಗೆ ಪಿಎಚ್ 5ರ ಆಸುಪಾಸಿನ ಇನ್ನೊಂದು ಸೆಟ್ ಹಾಕಬೇಕು. ನೀರು ನಿಂತ ಗದ್ದೆಯ ಕೆಸರು ಬೇಡ, ಇದಕ್ಕೆ ಆಮ್ಲಜನಕ ಬೇಕು. ಮೇಲಿನ ಎರಡು-ಮೂರು ಸೆಂ.ಮೀ. ಕೆರೆದು ಹಾಕಿ, 5ರಿಂದ 15 ಸೆಂ.ಮೀ. ಆಳದಿಂದ, ಸಾಧ್ಯವಾದರೆ ಬೇರಿನ ಹತ್ತಿರದಿಂದ, 20 ಗ್ರಾಂನಷ್ಟು ತೆಗೆದರೆ ಧಾರಾಳ. ಒಳ್ಳೆಯ ಮಣ್ಣಿನ 1 ಗ್ರಾಂನಲ್ಲಿ ಆಕ್ಟಿನೊಮೈಸೀಟ್‌ಗಳ (ಸ್ಟ್ರೆಪ್ಟೊಮೈಸಿಸ್ ಸೇರಿರುವ ಬ್ಯಾಕ್ಟೀರಿಯಾ ಗುಂಪು) ಸಂಖ್ಯೆ 10 ಲಕ್ಷದಿಂದ 1 ಕೋಟಿಯವರೆಗೆ ಬರುತ್ತದೆ. ಅಂದರೆ ಕೊರತೆ ಇವುಗಳದ್ದಲ್ಲ, ಇವುಗಳ ಮೇಲೆ ಹತ್ತಿ ಕೂರುವ ಇತರರ ಕಾಟವೇ ಸಮಸ್ಯೆ.

ಆ ಕಾಟ ತಗ್ಗಿಸುವ ಮೊದಲ ಉಪಾಯ ಬರೀ ಒಣಗಿಸುವುದು. ಶುದ್ಧ ಕಾಗದದ ಮೇಲೆ ತೆಳ್ಳಗೆ ಹರಡಿ ನೆರಳಲ್ಲಿ ಐದಾರು ದಿನ ಬಿಟ್ಟರೆ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳು ಸಾಲುಸಾಲಾಗಿ ಸಾಯುತ್ತವೆ, ಬೀಜಕಗಳು ಉಳಿಯುತ್ತವೆ. ಇದಕ್ಕೆ ಮೊದಲು, ಸಮಯ ಇದ್ದರೆ, 10 ಗ್ರಾಂ ಮಣ್ಣಿಗೆ 1 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿ, ತೇವ ಉಳಿಯುವಂತೆ ಮುಚ್ಚಿ 28 ಡಿಗ್ರಿಯಲ್ಲಿ ವಾರ-ಹತ್ತು ದಿನ ಇಡಬಹುದು. ಸುಣ್ಣದಂಶ ಇವುಗಳ ಪಾಲನ್ನು ಏರಿಸುತ್ತದೆ. ಒಣಗಿದ ಮಣ್ಣು 1 ಗ್ರಾಂ ತೂಗಿ 9 ಮಿ.ಲೀ. ಶೇ 0.85ರ ಸಲೈನ್‌ಗೆ (ಉಪ್ಪುನೀರು) ಹಾಕಿ ಅರ್ಧ ಗಂಟೆ ಅಲುಗಾಡಿಸಿ. ಬಳಿಕ 50 ಡಿಗ್ರಿಯ ವಾಟರ್ ಬಾತ್‌ನಲ್ಲಿ 10 ನಿಮಿಷ. ಇಲ್ಲಿ ಕೆಲವರು 'ಇನ್ನಷ್ಟು ಶುದ್ಧವಾಗಲಿ' ಎಂದು 80 ಡಿಗ್ರಿಗೆ ಏರಿಸುತ್ತಾರೆ. ಆಗ ಸಾಯುವುದು ನಮಗೆ ಬೇಕಾದದ್ದು, ಉಳಿಯುವುದು ಬ್ಯಾಸಿಲಸ್‌ನ ಎಂಡೋಸ್ಪೋರ್. ಪ್ಲೇಟ್ ತುಂಬ ಅದೇ. ಒಣ ಮಣ್ಣಿಗೆ ಕೊಡುವ ಒಣ ಶಾಖದ ಲೆಕ್ಕ ಬೇರೆ, ನೀರಿನಲ್ಲಿ ನೆನೆದ ಬೀಜಕದ ಲೆಕ್ಕವೇ ಬೇರೆ. ಎರಡನ್ನೂ ಬೆರೆಸಬಾರದು.

ಮಾಧ್ಯಮದ ಗುಟ್ಟು ಹಸಿವು. ನ್ಯೂಟ್ರಿಯೆಂಟ್ ಅಗರ್‌ನಂಥ ಸಮೃದ್ಧ ಮಾಧ್ಯಮದಲ್ಲಿ ಬೇಗ ಬೆಳೆಯುವವರದ್ದೇ ದರ್ಬಾರು. ಸ್ಟಾರ್ಚ್ ಕೇಸೀನ್ ಅಗರ್‌ನಲ್ಲಿ ಆಹಾರ ಇದೆ, ಆದರೆ ಪಿಷ್ಟ ಒಡೆಯಬಲ್ಲವರಿಗೆ ಮಾತ್ರ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಕರಗುವ ಪಿಷ್ಟ 10 ಗ್ರಾಂ, ಕೇಸೀನ್ 0.3, ಪೊಟ್ಯಾಸಿಯಂ ನೈಟ್ರೇಟ್ 2, ಸೋಡಿಯಂ ಕ್ಲೋರೈಡ್ 2, ಡೈಪೊಟ್ಯಾಸಿಯಂ ಹೈಡ್ರೋಜನ್ ಫಾಸ್ಫೇಟ್ 2, ಮೆಗ್ನೀಸಿಯಂ ಸಲ್ಫೇಟ್ 0.05, ಕ್ಯಾಲ್ಸಿಯಂ ಕಾರ್ಬೊನೇಟ್ 0.02, ಫೆರಸ್ ಸಲ್ಫೇಟ್ 0.01, ಅಗರ್ 18 ಗ್ರಾಂ, ಪಿಎಚ್ 7.0ರಿಂದ 7.2. ಕೇಸೀನ್ ಪುಡಿಯನ್ನು ನೇರ ನೀರಿಗೆ ಸುರಿದರೆ ಗಂಟಾಗಿ ತಳದಲ್ಲಿ ಕೂರುತ್ತದೆ. ಮೊದಲು ಸ್ವಲ್ಪ ದುರ್ಬಲ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕರಗಿಸಿ ಆಮೇಲೆ ಸೇರಿಸಿ, ಪಿಎಚ್ ಕೊನೆಯಲ್ಲಿ ಸರಿಮಾಡಿ. ಪಿಷ್ಟವನ್ನೂ ತಣ್ಣೀರಿನಲ್ಲಿ ಕಲಸಿಯೇ ಬಿಸಿನೀರಿಗೆ ಬಿಡಬೇಕು. ಅಡುಗೆಮನೆ ಗೊತ್ತಿದ್ದವರಿಗೆ ಇದನ್ನು ಹೇಳಬೇಕಾಗಿಲ್ಲ.

ಆಟೋಕ್ಲೇವ್ ಆದ ಮಾಧ್ಯಮ 45-50 ಡಿಗ್ರಿಗೆ ಇಳಿದ ಮೇಲೆ ಸೈಕ್ಲೋಹೆಕ್ಸಿಮೈಡ್ ಮತ್ತು ನಿಸ್ಟಾಟಿನ್ ತಲಾ 50 ಮೈಕ್ರೋಗ್ರಾಂ, ನ್ಯಾಲಿಡಿಕ್ಸಿಕ್ ಆಮ್ಲ 20 ಮೈಕ್ರೋಗ್ರಾಂ, ಪ್ರತಿ ಮಿ.ಲೀ.ಗೆ ಬರುವಂತೆ ಹಾಕಿ. ಮೊದಲ ಎರಡು ಶಿಲೀಂಧ್ರ ತಡೆಯಲು, ಮೂರನೆಯದು ಗ್ರಾಂ ನೆಗೆಟಿವ್‌ಗಳಿಗೆ. ಶಿಲೀಂಧ್ರನಾಶಕಗಳೆರಡೂ ಇದೇ ಕುಲದ ಉತ್ಪನ್ನ ಎಂಬುದು ಸ್ವಾರಸ್ಯ: ಸೈಕ್ಲೋಹೆಕ್ಸಿಮೈಡ್ ಸ್ಟ್ರೆಪ್ಟೊಮೈಸಿಸ್ ಗ್ರೈಸಿಯಸ್‌ನದು, ನಿಸ್ಟಾಟಿನ್ ಸ್ಟ್ರೆಪ್ಟೊಮೈಸಿಸ್ ನೌರ್ಸಿಯದು. ಸೈಕ್ಲೋಹೆಕ್ಸಿಮೈಡ್ ಮನುಷ್ಯನ ಕೋಶಗಳಿಗೂ ವಿಷ. ಗ್ಲೌಸ್ ಇಲ್ಲದೆ ತೂಗಬೇಡಿ. ನಿಸ್ಟಾಟಿನ್ ನೀರಿನಲ್ಲಿ ಕರಗದು, ಡೈಮಿಥೈಲ್ ಸಲ್ಫಾಕ್ಸೈಡ್‌ನಲ್ಲಿ ಕರಗಿಸಿ ಬೆಳಕು ತಾಗದಂತೆ ಇಡಬೇಕು. ಬಿಸಿ ಹೆಚ್ಚಿರುವಾಗಲೇ ಹಾಕಿದರೆ ಇವು ಹಾಳಾಗಿ ನಾಲ್ಕನೇ ದಿನ ಪ್ಲೇಟಿನ ತುಂಬ ಆಸ್ಪರ್ಜಿಲಸ್ ಬೂಷ್ಟು ಏಳುತ್ತದೆ.

ಮಣ್ಣಿನ ದ್ರಾವಣವನ್ನು ಹತ್ತು ಪಟ್ಟಿನಂತೆ ತೆಳುಮಾಡುತ್ತ ಹೋಗಿ, ಸಾವಿರ, ಹತ್ತು ಸಾವಿರ, ಲಕ್ಷ ಪಟ್ಟು ತೆಳುವಾದವುಗಳಿಂದ 0.1 ಮಿ.ಲೀ. ತೆಗೆದು ಹರಡಿ. ಪ್ಲೇಟಿಗೆ 25 ಮಿ.ಲೀ.ಗಿಂತ ಕಡಿಮೆ ಅಗರ್ ಸುರಿದರೆ ಹತ್ತನೇ ದಿನಕ್ಕೆ ಹಪ್ಪಳದಂತೆ ಒಣಗಿ ಸುರುಟುತ್ತದೆ. ಹರಡುವ ಮೊದಲು ಪ್ಲೇಟಿನ ಮೇಲ್ಮೈ ಒಣಗಿರಲಿ. ನೀರಪಸೆ ಇದ್ದರೆ ಬ್ಯಾಸಿಲಸ್ ಈಜಿಕೊಂಡು ಇಡೀ ಪ್ಲೇಟ್ ಹಬ್ಬುತ್ತದೆ. ಮಗುಚಿಟ್ಟು 28 ಡಿಗ್ರಿಯಲ್ಲಿ 7ರಿಂದ 14 ದಿನ. 37 ಡಿಗ್ರಿ ಬೇಡ.

ಕಾಲೊನಿಯನ್ನು ಗುರುತಿಸುವುದು

ನಾಲ್ಕನೇ ದಿನ ಕಾಣುವುದು ಬೋಳು, ಗಟ್ಟಿ, ತೊಗಲಿನಂಥ ಚುಕ್ಕೆ. ಸೂಜಿ ತಾಗಿಸಿದರೆ ಮೇಲೆದ್ದು ಬರುವುದಿಲ್ಲ, ಬೇರೂರಿರುತ್ತದೆ. ಒತ್ತಿ ಎತ್ತಿದರೆ ಅಗರ್‌ನ ತುಣುಕು ಸಮೇತ ಕಿತ್ತು ಬರುತ್ತದೆ. ಏಳನೇ ದಿನದ ಹೊತ್ತಿಗೆ ಮೇಲೆ ಮಖಮಲ್ಲಿನಂಥ ಪುಡಿ. ಕೆಲವು ತಳಿಗಳ ಮೇಲೆ ಬಣ್ಣದ ಹನಿಗಳು ಕೂತಿರುತ್ತವೆ; ಸೀಲಿಕಲರ್‌ನ ಆಕ್ಟಿನೊರೋಡಿನ್ ಕ್ಷಾರದಲ್ಲಿ ನೀಲಿ, ಆಮ್ಲದಲ್ಲಿ ಕೆಂಪು. ಪ್ಲೇಟ್ ಮಗುಚಿ ಹಿಂಬದಿಯ ಬಣ್ಣವನ್ನೂ ಬರೆದುಕೊಳ್ಳಿ. ಮೇಲೆ ಬೂದು, ಕೆಳಗೆ ಕಡುಕಂದು ಎಂಬಂಥ ಜೋಡಿ ಗುರುತು ತಳಿಗಳನ್ನು ಬೇರ್ಪಡಿಸಲು ಬಹಳ ಉಪಯೋಗ.

ಲೂಪ್‌ನಿಂದ (ತಂತಿಯ ಕುಣಿಕೆ) ಉಜ್ಜಿ ಸ್ಲೈಡ್ ಮಾಡಿದರೆ ಬೀಜಕದ ಸರವೆಲ್ಲ ಚದುರಿಹೋಗಿ ಏನೂ ತಿಳಿಯುವುದಿಲ್ಲ. ಅದಕ್ಕೆ ಕವರ್‌ಸ್ಲಿಪ್ ವಿಧಾನ: ಶುದ್ಧೀಕರಿಸಿದ ಕವರ್‌ಸ್ಲಿಪ್ಪನ್ನು ಅಗರ್‌ಗೆ 45 ಡಿಗ್ರಿ ಓರೆಯಾಗಿ ಅರ್ಧದವರೆಗೆ ಚುಚ್ಚಿ, ಅದು ಅಗರ್ ಸೇರುವ ಗೆರೆಯುದ್ದಕ್ಕೂ ಬೀಜಕ ಎಳೆಯಿರಿ. ಆರೇಳು ದಿನಕ್ಕೆ ಎಳೆಗಳು ಗಾಜಿನ ಮೇಲೇ ಹತ್ತಿರುತ್ತವೆ. ಮೆಲ್ಲಗೆ ಕಿತ್ತು ಸ್ಲೈಡಿನ ಮೇಲಿಟ್ಟು 400 ಪಟ್ಟಿನಲ್ಲಿ ನೋಡಿದರೆ ಸರಗಳು ನೇರವೋ, ಕೊಕ್ಕೆಯೋ, ಸುರುಳಿಯೋ ಕಾಣುತ್ತದೆ. ಬೀಜಕದ ಸರ ಕಾಣದೆ ಎಳೆಯೇ ತುಂಡುತುಂಡಾಗಿದ್ದರೆ ಅದು ನೊಕಾರ್ಡಿಯಾ ಎಂಬ ಇನ್ನೊಂದು ಕುಲ ಇರಬಹುದು. ಕೋಶಭಿತ್ತಿಯ ಡೈಅಮಿನೊಪಿಮೆಲಿಕ್ ಆಮ್ಲ ಈ ಜಗಳ ಬಿಡಿಸುತ್ತದೆ: ಸ್ಟ್ರೆಪ್ಟೊಮೈಸಿಸ್‌ನಲ್ಲಿ ಎಲ್‌ಎಲ್ ರೂಪ, ನೊಕಾರ್ಡಿಯಾದಲ್ಲಿ ಮೀಸೊ ರೂಪ.

ಬ್ಯಾಕ್ಟೀರಿಯಾ ಯಾವುದೆಂದು ಗುರುತಿಸಲು 16ಎಸ್ ಜೀನ್ ಓದಿಸುವವರಿಗೆ ಎರಡು ಮಾತು. ಕಾಲೊನಿಯನ್ನು ನೀರಿನಲ್ಲಿ ಕುದಿಸಿ ನೇರ ಪಿಸಿಆರ್‌ಗೆ (ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಹಾಕುವ ಇ. ಕೋಲಿ ರೂಢಿ ಇಲ್ಲಿ ಸಾಲದು, ಲೈಸೋಜೈಮ್ ಕಿಣ್ವ ಕೊಟ್ಟು ಗೋಡೆ ಒಡೆಯಬೇಕು. ಡಿಎನ್‌ಎಯಲ್ಲಿ ಜಿ ಮತ್ತು ಸಿ ಶೇ 70ಕ್ಕೂ ಹೆಚ್ಚು ಇರುವುದರಿಂದ ಅದರ ಎರಡು ಎಳೆಗಳು ಸುಲಭಕ್ಕೆ ಬಿಡಿಸಿಕೊಳ್ಳುವುದಿಲ್ಲ. ಶೇ 5 ಡೈಮಿಥೈಲ್ ಸಲ್ಫಾಕ್ಸೈಡ್ ಸೇರಿಸಿದರೆ ಬ್ಯಾಂಡ್ ಬರುತ್ತದೆ. ಇನ್ನು 16ಎಸ್ ಕುಲವನ್ನು ಹೇಳುತ್ತದೆ, ಜಾತಿಯನ್ನು ಖಚಿತವಾಗಿ ಹೇಳಲಾರದು. ಶೇ 99 ಹೋಲಿಕೆ ಬಂತೆಂದು ಜಾತಿಯ ಹೆಸರು ಬರೆದುಬಿಡುವ ವರದಿಗಳನ್ನು ನಂಬುವುದು ಕಷ್ಟ.

ವಲಯ ಬಂದ ಮಾತ್ರಕ್ಕೆ ಹೊಸ ಔಷಧಿಯಲ್ಲ

ಪ್ಲೇಟಿನ ನಡುವೆ ತಳಿಯ ಒಂದು ಗೆರೆ ಎಳೆದು ಐದರಿಂದ ಏಳು ದಿನ ಬೆಳೆಸಿ, ಆಮೇಲೆ ಅದಕ್ಕೆ ಲಂಬವಾಗಿ ಸ್ಟ್ಯಾಫಿಲೊಕಾಕಸ್, ಇ. ಕೋಲಿ ಇತ್ಯಾದಿ ಎಳೆದು ಒಂದು ರಾತ್ರಿ ಇಟ್ಟರೆ ಅವುಗಳ ಬೆಳವಣಿಗೆಗೆ ತಡೆ ಎಷ್ಟು ದೂರ ಎಂದು ಕಾಣುತ್ತದೆ. ಏನೂ ಬೆಳೆಯದ ಆ ಜಾಗವೇ ವಲಯ. ಎರಡನ್ನೂ ಒಂದೇ ದಿನ ಎಳೆಯುವುದು ಸಾಮಾನ್ಯ ತಪ್ಪು. ಆಂಟಿಬಯಾಟಿಕ್ ಶುರುವಾಗುವ ಮೊದಲೇ ಇ. ಕೋಲಿ ಬೆಳೆದು ಮುಗಿದಿರುತ್ತದೆ. ಇನ್ನೊಂದು ಅಡಚಣೆ ಮಾಧ್ಯಮದ್ದೇ: ಹೆಚ್ಚು ಫಾಸ್ಫೇಟ್, ಹೆಚ್ಚು ಗ್ಲೂಕೋಸ್ ಎರಡೂ ಹಲವು ಆಂಟಿಬಯಾಟಿಕ್‌ಗಳ ಬಾಯಿ ಮುಚ್ಚಿಸುತ್ತವೆ. ಮೇಲಿನ ಸ್ಟಾರ್ಚ್ ಕೇಸೀನ್‌ನಲ್ಲಿ ಫಾಸ್ಫೇಟ್ ಸುಮಾರು 11.5 ಮಿಲಿಮೋಲಾರ್ ಆಗುತ್ತದೆ. ಬೇರ್ಪಡಿಸಲು ಸರಿ, ಚಟುವಟಿಕೆ ಪರೀಕ್ಷೆಗೆ ಅದೊಂದನ್ನೇ ನಂಬಬೇಡಿ. ತಲಾ 20 ಗ್ರಾಂ ಮ್ಯಾನಿಟಾಲ್, ಸೋಯಾ ಹಿಟ್ಟು ಮತ್ತು ಅಗರ್ ಲೀಟರ್ ನಲ್ಲಿನೀರಿಗೆ ಹಾಕಿದ ಮಾಧ್ಯಮ ಬೀಜಕಕ್ಕೂ ಒಳ್ಳೆಯದು, ಜೇಬಿಗೂ ಹಗುರ.

ವಲಯ ಬಂತು ಎಂದಿಟ್ಟುಕೊಳ್ಳಿ. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ, ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ವಾಕ್ಸ್‌ಮನ್ ಅವರ ವಿದ್ಯಾರ್ಥಿಯಾಗಿದ್ದ ಆಲ್ಬರ್ಟ್ ಶಾಟ್ಸ್ ಕೈಯಲ್ಲಿ. ಒಂದು ತಳಿ ಗೊಬ್ಬರ ಹಾಕಿದ ಹೊಲದ ಮಣ್ಣಿನಿಂದ, ಇನ್ನೊಂದು ಕೋಳಿಯ ಗಂಟಲಿನಿಂದ. 1952ರ ನೊಬೆಲ್ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು, ಅದು ಬೇರೆಯದೇ ತಕರಾರು. ಅಲ್ಲಿಂದಾಚೆ ಜಗತ್ತಿನ ಮಣ್ಣನ್ನೆಲ್ಲ ಜಾಲಾಡಿದ್ದಾರೆ: ಕ್ಲೋರಾಂಫೆನಿಕಾಲ್ ವೆನೆಜುವೆಲಾದ ಮಣ್ಣಿನದು, ರಾಪಾಮೈಸಿನ್ ಈಸ್ಟರ್ ದ್ವೀಪದ್ದು, ಐವರ್ಮೆಕ್ಟಿನ್‌ಗೆ ಮೂಲವಾದ ಅವರ್ಮೆಕ್ಟಿನ್ ಜಪಾನಿನದು. ಪುಣೆ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್‌ನಲ್ಲಿ ಎಂ.ಜೆ. ತಿರುಮಲಾಚಾರ್ ಮತ್ತು ಸಂಗಡಿಗರು ಶಿಲೀಂಧ್ರನಾಶಕ ಹಮೈಸಿನ್ ಕಂಡುಹಿಡಿದರು. ಆ ತಳಿಯ ಹೆಸರೇ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ. ಹಾಗಾಗಿ ಇಂದು ಹೊಸ ಮಣ್ಣಿನಿಂದ ತೆಗೆದ ತಳಿ ಹಳೆಯ ಅಣುವನ್ನೇ ಕೊಡುವ ಸಾಧ್ಯತೆ ಹೆಚ್ಚು. ಅಂದಾಜಿನ ಪ್ರಕಾರ ಮಣ್ಣಿನ ಆಕ್ಟಿನೊಮೈಸೀಟ್‌ಗಳಲ್ಲಿ ಹತ್ತರಲ್ಲೊಂದು ಸ್ಟ್ರೆಪ್ಟೊಥ್ರಿಸಿನ್, ನೂರರಲ್ಲೊಂದು ಸ್ಟ್ರೆಪ್ಟೊಮೈಸಿನ್, ಸಾವಿರದಲ್ಲೊಂದು ಟೆಟ್ರಾಸೈಕ್ಲಿನ್ ಮಾಡುತ್ತದೆ. ಡ್ಯಾಪ್ಟೊಮೈಸಿನ್‌ಗಾದರೆ ಕೋಟಿ ತಳಿ ಜಾಲಾಡಬೇಕು. ಈ ಅಣುಗಳಿಗೆ ಪ್ರತಿರೋಧ ಇರುವ ಇ. ಕೋಲಿ ತಳಿಯನ್ನೂ ಪಕ್ಕದಲ್ಲಿ ಎಳೆದಿದ್ದರೆ ಹಳೆಯದು ಮೊದಲ ದಿನವೇ ಸಿಕ್ಕಿಬೀಳುತ್ತದೆ: ಸಾಮಾನ್ಯ ಇ. ಕೋಲಿ ಸತ್ತು ಪ್ರತಿರೋಧಿ ಬದುಕಿದರೆ ಮುಂದೆ ಹೋಗುವ ಅಗತ್ಯವಿಲ್ಲ.

ಹಾಗೆಂದು ಕುಲವೇ ಬರಿದಾಗಿದೆ ಎಂದಲ್ಲ. 2002ರಲ್ಲಿ ಸೀಲಿಕಲರ್ ಜೀನೋಮ್ ಓದಿದಾಗ 86.7 ಲಕ್ಷ ಬೇಸ್ ಜೋಡಿ, 7,825 ಜೀನುಗಳು ಸಿಕ್ಕವು. ಇ. ಕೋಲಿಯಲ್ಲಿರುವುದು 4,300ರಷ್ಟು. ಆಗ ಗೊತ್ತಿದ್ದ ಬೆರಳೆಣಿಕೆಯ ಅಣುಗಳ ಜೊತೆಗೆ 20ಕ್ಕೂ ಹೆಚ್ಚು ಜೀನ್ ಗುಚ್ಛಗಳು ಕಂಡವು, ಬಹಳಷ್ಟು ಪ್ಲೇಟಿನ ಮೇಲೆ ಸುಮ್ಮನಿರುವಂಥವು. ಅವುಗಳನ್ನು ಎಬ್ಬಿಸಲು ಮಾಧ್ಯಮ ಬದಲಿಸುವುದು, ಇನ್ನೊಂದು ಸೂಕ್ಷ್ಮಜೀವಿಯ ಜೊತೆ ಬೆಳೆಸುವುದು ಈಗಲೂ ಅಗ್ಗದ, ಫಲಕಾರಿ ದಾರಿ.

ದ್ರವ ಮಾಧ್ಯಮದಲ್ಲಿ ಕಷ್ಟ ಬೇರೆ ಬಗೆಯದು. ಎಳೆಗಳು ಸುತ್ತಿಕೊಂಡು ಉಂಡೆಯಾಗುತ್ತವೆ, ಉಂಡೆಯ ನಡುವಿಗೆ ಆಮ್ಲಜನಕ ತಲುಪದೆ ಅಲ್ಲಿ ಸಾಯುತ್ತವೆ. 250 ಮಿ.ಲೀ. ಫ್ಲಾಸ್ಕಿಗೆ 50 ಮಿ.ಲೀ.ಗಿಂತ ಹೆಚ್ಚು ಸುರಿಯದೆ, ತಳದಲ್ಲಿ ಸ್ಟೀಲ್ ಸ್ಪ್ರಿಂಗ್ ಅಥವಾ ಗಾಜಿನ ಮಣಿ ಹಾಕಿ, ನಿಮಿಷಕ್ಕೆ 180-200 ಸುತ್ತು ತಿರುಗಿಸಬೇಕು. ಮಿ.ಲೀ.ಗೆ 10 ಲಕ್ಷ ಬೀಜಕ ಬಿತ್ತಿದರೆ ಉಂಡೆ ಚಿಕ್ಕದಾಗಿ ಹರಡುತ್ತದೆ, ಕಡಿಮೆ ಬಿತ್ತಿದಷ್ಟೂ ಉಂಡೆ ದೊಡ್ಡದು. ಬೆಳವಣಿಗೆಯನ್ನು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಅಳೆಯಲು ಹೋಗಬೇಡಿ, ಉಂಡೆ ಇರುವಾಗ ಆ ಅಂಕಿಗೆ ಅರ್ಥವಿಲ್ಲ. ಸೋಸಿ ಒಣಗಿಸಿ ತೂಗಿ.

ಹೊಲದಲ್ಲಿ

ಎಲ್ಲ ಸ್ಟ್ರೆಪ್ಟೊಮೈಸಿಸ್ ರೈತನ ಮಿತ್ರರಲ್ಲ. ಆಲೂಗಡ್ಡೆ ಸಿಪ್ಪೆಯ ಮೇಲೆ ಬಿರುಕುಬಿಟ್ಟ ಒರಟು ಕಲೆ ಮೂಡಿಸುವ ಕಜ್ಜಿರೋಗ ಸ್ಟ್ರೆಪ್ಟೊಮೈಸಿಸ್ ಸ್ಕೇಬೀಸ್‌ನ ಕೆಲಸ. ಥ್ಯಾಕ್ಸ್‌ಟೋಮಿನ್ ಎಂಬ ಅದರ ವಿಷ ಗೆಡ್ಡೆಯ ಸೆಲ್ಯುಲೋಸ್ ತಯಾರಿಯನ್ನು ನಿಲ್ಲಿಸುತ್ತದೆ. ಮಣ್ಣಿನ ಪಿಎಚ್ 5.2ಕ್ಕಿಂತ ಕೆಳಗಿದ್ದರೆ ಈ ರೋಗ ತಲೆ ಎತ್ತುವುದು ಕಡಿಮೆ. ಹಾಸನದ ಕಡೆ ಆಲೂಗಡ್ಡೆ ಹಾಕುವ ಹೊಲಕ್ಕೆ ಅದೇ ವರ್ಷ ಸುಣ್ಣ ಅಥವಾ ಹಸಿ ಸಗಣಿಗೊಬ್ಬರ ಸುರಿಯುವುದು ಹಾಗಾಗಿ ಜಾಣತನವಲ್ಲ. ಗೆಡ್ಡೆ ಕಟ್ಟಲು ಶುರುವಾದ ಮೊದಲ 4ರಿಂದ 6 ವಾರ ಮಣ್ಣು ಒಣಗದಂತೆ ನೋಡಿಕೊಂಡರೆ ಅರ್ಧ ಹೋರಾಟ ಗೆದ್ದಂತೆ.

ಅದೇ ಕುಲದ ವ್ಯಾಲಿಡಮೈಸಿನ್ ಭತ್ತದ ಎಲೆಕವಚದ ಅಂಗಮಾರಿಗೆ, ಕಾಸುಗಮೈಸಿನ್ ಬೆಂಕಿರೋಗಕ್ಕೆ ಅಂಗಡಿಯಲ್ಲಿ ಸಿಗುತ್ತವೆ. ದಾಳಿಂಬೆಯ ದುಂಡಾಣು ಅಂಗಮಾರಿಗೆ ಕೊಪ್ಪಳ, ಬಾಗಲಕೋಟೆ ಕಡೆ ಸಿಂಪಡಿಸುತ್ತ ಬಂದ ಸ್ಟ್ರೆಪ್ಟೊಸೈಕ್ಲಿನ್‌ನಲ್ಲಿ ಒಂಬತ್ತು ಪಾಲು ಸ್ಟ್ರೆಪ್ಟೊಮೈಸಿನ್, ಒಂದು ಪಾಲು ಟೆಟ್ರಾಸೈಕ್ಲಿನ್. ಕ್ಷಯದ ರೋಗಿಗೆ ಕೊಡುವ ಔಷಧಿಯನ್ನು ತೋಟಕ್ಕೆ ಹೊಡೆದರೆ ಪ್ರತಿರೋಧ ಮಣ್ಣಿನಲ್ಲೇ ಬೆಳೆಯುತ್ತದೆಂಬ ಆತಂಕದಿಂದ ಕೃಷಿಯಲ್ಲಿ ಇದರ ನಿಷೇಧಕ್ಕೆ ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಕರಡು ಆದೇಶ ಹೊರಡಿಸಿತು.

ಸಿಕ್ಕ ತಳಿಯನ್ನು ಉಳಿಸಿಕೊಳ್ಳುವುದು

ಪ್ಲೇಟಿನಿಂದ ಪ್ಲೇಟಿಗೆ ಎಳೆಯುತ್ತ ಹೋದರೆ ಒಳ್ಳೆಯ ತಳಿ ಬೋಳಾಗುತ್ತದೆ. ಬಹುತೇಕ ಬ್ಯಾಕ್ಟೀರಿಯಾಗಳ ಕ್ರೋಮೋಸೋಮ್ ಉಂಗುರದಂತಿದ್ದರೆ ಇದರದ್ದು ನೇರ, ಎರಡು ತುದಿಯುಳ್ಳದ್ದು. ಆ ತುದಿಗಳಿಂದ ದೊಡ್ಡ ತುಂಡುಗಳೇ ಕಳಚಿ ಹೋಗುತ್ತವೆ, ಸಾವಿರ ಬೀಜಕಗಳಲ್ಲಿ ಒಂದಕ್ಕಿಂತ ಹೆಚ್ಚಿನವುಗಳಲ್ಲಿ. ಬೀಜಕವೂ ಇಲ್ಲ, ಬಣ್ಣವೂ ಇಲ್ಲ, ವಲಯವೂ ಇಲ್ಲ ಎಂಬಂಥ ನುಣುಪು ಕಾಲೊನಿಗಳು ಪ್ಲೇಟಿನಲ್ಲಿ ಅಲ್ಲಲ್ಲಿ ಕಂಡರೆ ಇದು ಶುರುವಾಗಿದೆ ಎಂದರ್ಥ. ಅಂಥದ್ದನ್ನು ಬಿಟ್ಟು ಪುಡಿ ತುಂಬಿದ ಒಂಟಿ ಕಾಲೊನಿಯನ್ನೇ ಆರಿಸಬೇಕು.

ಹೊಸ ತಳಿ ಶುದ್ಧವಾದ ವಾರವೇ ಬೀಜಕದ ದಾಸ್ತಾನು ಮಾಡಿ. ಚೆನ್ನಾಗಿ ಪುಡಿ ಬಂದ ಪ್ಲೇಟಿಗೆ ಶೇ 20ರ ಶುದ್ಧೀಕರಿಸಿದ ಗ್ಲಿಸರಾಲ್ ಸುರಿದು ಹತ್ತಿಕಡ್ಡಿಯಿಂದ ಮೆಲ್ಲಗೆ ಉಜ್ಜಿ, ಹತ್ತಿ ತುರುಕಿದ ಸಿರಿಂಜಿನ ಮೂಲಕ ಸೋಸಿ. ಎಳೆ ಹತ್ತಿಯಲ್ಲಿ ನಿಲ್ಲುತ್ತದೆ, ಬೀಜಕ ಕೆಳಗಿಳಿಯುತ್ತದೆ. ಸೋಸಿದ್ದು ಹಾಲಿನಂತೆ ಮಸುಕಾಗಿ ಕಾಣಬೇಕು. ತಿಳಿನೀರಿನಂತಿದ್ದರೆ ಬೀಜಕ ಬಂದಿಲ್ಲ, ಪ್ಲೇಟನ್ನು ಇನ್ನು ಮೂರು ದಿನ ಬಿಡಿ. ಅರ್ಧರ್ಧ ಮಿ.ಲೀ. ಟ್ಯೂಬುಗಳಿಗೆ ಹಂಚಿ ಮೈನಸ್ 20 ಡಿಗ್ರಿಯಲ್ಲಿಟ್ಟರೆ ವರ್ಷಗಟ್ಟಲೆ ಬರುತ್ತದೆ. ಪ್ರತಿ ಪ್ರಯೋಗವೂ ಈ ಟ್ಯೂಬಿನಿಂದಲೇ ಶುರುವಾಗಲಿ, ಹಿಂದಿನ ಪ್ಲೇಟಿನಿಂದಲ್ಲ.